ಕಲ್ಲಿನಾಥರ ಜೋಡುನಳಿಕೆ

ಬೋಲಿಂಗ್‌ಬ್ರೂಕಿನ ತಮ್ಮ ಮನೆಯ ಅಡುಗೆಮನೆ ಕಿಟಕಿಗೆ ಪರದೆ ಹಾಕಲು ಕಲ್ಲಿನಾಥರು ಕೊನೆಯವರೆಗೂ ಬಿಡಲಿಲ್ಲ. ಹೆಂಡತಿ ನೀಲಾಂಬಿಕಾ ಮೂರು ಸಲ ಪರದೆ ತಂದು ಮೂರು ಸಲವೂ ಅಂಗಡಿಗೆ ಹಿಂದಿರುಗಿಸಿದ್ದರು. ಶನಿವಾರ ಮಧ್ಯಾಹ್ನ ಶೂಟಿಂಗ್ ಕ್ಲಬ್ಬಿನಿಂದ ಬಂದವರೇ ಕಲ್ಲಿನಾಥರು ಕೈ ತೊಳೆದು, ತಮ್ಮ ಹಳೆಯ ಜೋಡುನಳಿಕೆ ಕೋವಿಯನ್ನು ಬಿಚ್ಚಿ, ನಳಿಕೆಗಳನ್ನಷ್ಟೇ ಎತ್ತಿಕೊಂಡು ಸಿಂಕಿನ ಮುಂದೆ ನಿಲ್ಲುತ್ತಿದ್ದರು. ಒಂದು ತುದಿ ಕಣ್ಣಿಗೆ, ಇನ್ನೊಂದು ತುದಿ ಕಿಟಕಿಯ ಮೇಲಿನ ಅಡ್ಡಪಟ್ಟಿಗೆ. ಆ ಪಟ್ಟಿಯ ನೆರಳು ನಳಿಕೆಯ ಒಳಮೈಯಲ್ಲಿ ಎರಡು ಗೆರೆಗಳಾಗಿ ಬೀಳುತ್ತದೆ. ಗೆರೆ ಬಿಗಿದ ದಾರದ ಹಾಗಿದ್ದರೆ ನಳಿಕೆ ಸರಿಯಿದೆ. ಎಲ್ಲಾದರೂ ಕೂದಲೆಳೆಯಷ್ಟು ತಗ್ಗೋ ಉಬ್ಬೋ ಇದ್ದರೆ ಗೆರೆ ಅಲ್ಲಿ ಮುರಿಯುತ್ತದೆ. ನೂರು ವರ್ಷದ ಹಿಂದೆ ಆ ಕೋವಿ ಮಾಡಿದ ಕೆಲಸಗಾರರೂ ಕಾರ್ಖಾನೆಯ ಕಿಟಕಿಗೆ ಹಿಡಿದು ಹೀಗೇ ನೋಡುತ್ತಿದ್ದರಂತೆ. ಕಲ್ಲಿನಾಥರಿಗೆ ಅದು ಹೊಸದೇನಲ್ಲ. ಬೆಟಗೇರಿಯಲ್ಲಿ ಲೇತ್ ಅಂಗಡಿ ಇಟ್ಟಿದ್ದ ಅವರ ಅಪ್ಪ ಕಬ್ಬಿಣದ ಕೊಳವೆಗಳನ್ನು ಬಾಗಿಲ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚುತ್ತಿದ್ದುದನ್ನು ನೋಡುತ್ತಲೇ ಅವರು ಬೆಳೆದದ್ದು.

ಅವರ ಜೊತೆ ಕ್ಲಬ್ಬಿಗೆ ಹೋಗುತ್ತಿದ್ದ ಗೆಳೆಯ ರಮೇಶನಿಗೂ ಅದನ್ನು ಕಲಿಸಿದವರು ಅವರೇ. ಆದ್ದರಿಂದ, ಆ ನಳಿಕೆಯನ್ನು ತಾನು ಕೆಡಿಸಿದ್ದು ಅವರಿಗೆ ಕಂಡಿರಲಿಕ್ಕಿಲ್ಲ ಎಂದು ರಮೇಶ ತನಗೆ ತಾನೇ ಸುಳ್ಳು ಹೇಳಿಕೊಳ್ಳುವ ಹಾಗೂ ಇರಲಿಲ್ಲ.

ಕಲ್ಲಿನಾಥರು ಲಿಸ್ಲ್ ಹತ್ತಿರದ ಒಂದು ಗೇರ್ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಅಳತೆ ನೋಡುವ ಕೆಲಸದಲ್ಲಿದ್ದರು. ಮಾಡಿದವರು ಸರಿಯಿದೆ ಎಂದದ್ದನ್ನು ಸರಿಯಿಲ್ಲ ಎನ್ನುವುದೇ ಅವರ ಉದ್ಯೋಗ. ಮನೆಯಲ್ಲೂ ಅದೇ ಸ್ವಭಾವ. ಚಹಾಕ್ಕೆ ಸಕ್ಕರೆ ಹಾಕುವಾಗ ಚಮಚದ ಮೇಲೆ ಬೆರಳಾಡಿಸಿ ಮಟ್ಟ ಮಾಡುತ್ತಿದ್ದರು. ಕನ್ನಡ ಕೂಟದ ಕಾರ್ಯಕ್ರಮಕ್ಕೆ ಹೋದರೆ ಭಾಷಣ ಕೇಳುವ ಬದಲು ಹಿಂದೆ ಕೂತು ಮಡಚುವ ಕುರ್ಚಿಗಳ ಸಡಿಲ ತಿರುಪು ಬಿಗಿ ಮಾಡುತ್ತಿದ್ದರು. ಮದ್ದೂರಿನ ರಮೇಶ ಅವರನ್ನು ಮೊದಲು ಕಂಡದ್ದು ಹಾಗೆಯೇ. ಅವನು ಕೂರಲು ಹೋದ ಕುರ್ಚಿಯನ್ನು ಅವರು ಎಳೆದುಕೊಂಡು, "ತಡಿ ತಮ್ಮಾ, ಇದು ನಿನ್ನ ಬೀಳಸ್ತೈತಿ" ಎಂದಿದ್ದರು. ಅಂದಿನಿಂದ ಅವರು ಅವನಿಗೆ ಅಣ್ಣ.

ಕೋವಿ ಅವರಿಗೆ ಸಿಕ್ಕದ್ದು ಮಾರಿಸ್ ಊರಿನಾಚೆ, ಒಂದು ಜೋಳದ ಹೊಲದ ಮನೆಯ ಹಳೆ ಸಾಮಾನಿನ ಮಾರಾಟದಲ್ಲಿ. ಮೂವತ್ತೆರಡು ಇಂಚಿನ ನಳಿಕೆ. ಎರಡೂ ನಳಿಕೆಗಳ ಬಾಯಿ ಬಿಗಿದದ್ದು, ಎತ್ತರದಲ್ಲಿ ಹಾರುವ ಕಾಡುಬಾತಿಗೆಂದೇ ಮಾಡಿದ್ದು. ಆದರೆ ಕಲ್ಲಿನಾಥರು ಲಿಂಗಾಯತರು, ಮೊಟ್ಟೆಯನ್ನೂ ಮುಟ್ಟದವರು. ಅವರು ಹೊಡೆಯುತ್ತಿದ್ದುದು ಯಂತ್ರ ಚಿಮ್ಮಿಸುವ ಮಣ್ಣಿನ ಹಕ್ಕಿಯನ್ನು, ಅಂದರೆ ಸಾಸರಿನಷ್ಟಗಲದ ಕೇಸರಿ ತಟ್ಟೆಯನ್ನು. ಲಿಂಗ ಕಟ್ಟಿಕೊಂಡವರು ಕೋವಿ ಹಿಡಿಯುವುದೇ ಎಂದು ಕೂಟದ ಊಟದ ಸಾಲಿನಲ್ಲಿ ಯಾರೋ ಚುಚ್ಚಿದಾಗ ಅವರು ತಟ್ಟೆ ಚಾಚಿಕೊಂಡೇ, "ನಾ ಹೊಡ್ಯೂದು ಮಣ್ಣಿನ ಹಕ್ಕಿರೀ. ಸತ್ರ ಅದರ ಅವ್ವ ಅಳಂಗಿಲ್ಲ" ಎಂದಿದ್ದರು.

ಕ್ಲಬ್ಬಿನಲ್ಲಿ ಬೇರೆಯವರ ಕೋವಿಗಳು ಗಿಡ್ಡ, ಹಗುರ, ಹೊಸವು. ಅವು ಗಕ್ಕನೆ ಎದ್ದು ಗಕ್ಕನೆ ನಿಲ್ಲುತ್ತಿದ್ದವು. ಕಲ್ಲಿನಾಥರದು ನಿಧಾನಕ್ಕೆ ಏಳುತ್ತಿತ್ತು. ಒಮ್ಮೆ ಹೊರಳಲು ಶುರುವಾದರೆ ತಟ್ಟೆಯನ್ನು ದಾಟಿ, ಟ್ರಿಗರ್ ಎಳೆದ ಮೇಲೂ ಹೊರಳುತ್ತಲೇ ಇರುತ್ತಿತ್ತು. ಉದ್ದ ನಳಿಕೆ ತಾನೂ ಅವಸರ ಮಾಡುವುದಿಲ್ಲ, ನಮಗೂ ಮಾಡಗೊಡುವುದಿಲ್ಲ ಎಂದು ಅವರು ರಮೇಶನಿಗೆ ಹೇಳುತ್ತಿದ್ದರು. ಹೊಡೆದಾದ ಮೇಲೆ ಕ್ಲಬ್ಬಿನ ಬೆಂಚಿನಲ್ಲಿ ನೀಲಾಂಬಿಕಾ ಕಟ್ಟಿಕೊಟ್ಟ ಮಂಡಕ್ಕಿಯ ಗಿರ್ಮಿಟ್ಟು, ಮಿರ್ಚಿ ಭಜಿಯ ಡಬ್ಬಿ ತೆರೆಯುತ್ತಿದ್ದರು. ಕೋವಿ ರಿಪೇರಿ ಮಾಡುವ ಮುದುಕ ವಾಲ್ಟ್ ಮಿರ್ಚಿಗಾಗಿಯೇ ಅವರ ಪಕ್ಕ ಜಾಗ ಹಿಡಿದಿರುತ್ತಿದ್ದ.

ರಮೇಶನ ಕೆಲಸ ಡೆಟ್ರಾಯ್ಟ್ ಕಡೆಗೆ ಬದಲಾಗಿ ಅವನು ಕ್ಯಾಂಟನ್‌ಗೆ ಮನೆ ಮಾಡಿದ ಮೇಲೂ ತಿಂಗಳಿಗೊಂದು ಶನಿವಾರ ತಪ್ಪಿಸಲಿಲ್ಲ. ತೊಂಬತ್ತನಾಲ್ಕನೇ ನಂಬರಿನ ಹೆದ್ದಾರಿಯಲ್ಲಿ ಇನ್ನೂರ ಅರವತ್ತು ಮೈಲಿ. ಶುಕ್ರವಾರ ಸಂಜೆ ಬಂದು, ಶನಿವಾರ ಹೊಡೆದು, ಭಾನುವಾರ ನೀಲಕ್ಕನ ರೊಟ್ಟಿ ಎಣ್ಣೆಗಾಯಿ ತಿಂದು ವಾಪಸ್. ಅಲ್ಲಿ ಮಿಶಿಗನ್‌ನಲ್ಲಿ ಅವನ ಆಫೀಸಿನ ಡೆನ್ನಿಸ್ ಎಂಬವನು ಸೇಂಟ್ ಕ್ಲೇರ್ ಸರೋವರದ ಜೌಗಿನಲ್ಲಿ ಬಾತು ಹೊಡೆಯುವುದನ್ನೂ ಕಲಿಸಿದ. ಮಾಂಸ ತಿನ್ನುವ ರಮೇಶನಿಗೆ ಅದರಲ್ಲಿ ಅಡ್ಡಿಯಿರಲಿಲ್ಲ. ಒಂದು ಸಲ ಕಲ್ಲಿನಾಥರೂ ಜೊತೆಗೆ ಬಂದರು, ಕೋವಿಯಿಲ್ಲದೆ. ಹುಲ್ಲಿನ ಮರೆಯಲ್ಲಿ ಥರ್ಮಾಸ್ ಹಿಡಿದು ಕೂತು ಹಕ್ಕಿಗಳನ್ನು ನೋಡಿದರು. ಒಂದು ಬಾತು ನೀರಿಗೆ ಬಿದ್ದಾಗ ಮುಖ ತಿರುಗಿಸಿದರು.

ಆ ನೆನಪಿದ್ದೂ ರಮೇಶ ಮುಂದಿನ ವರ್ಷ ಅವರ ಕೋವಿಯನ್ನು ಕೇಳಿದ. ಬಾತಿಗೆಂದು ಮಾಡಿದ ಕೋವಿ, ಒಂದೇ ಒಂದು ಸಲ ಬಾತಿನ ಮುಂದೆ ಹಿಡಿಯಬೇಕೆಂದು ಆಸೆ ಎಂದ. ಮರುದಿನ ಕಲ್ಲಿನಾಥರು ತಾವೇ ಕೋವಿಯನ್ನು ಪೆಟ್ಟಿಗೆಯಲ್ಲಿಟ್ಟು ತಂದರು.

"ಖರೇ ಐತಿ. ನನ್ನ ಕೈಯಾಗ ಸಿಕ್ಕು ಸಸ್ಯಾಹಾರಿ ಆಗೇತಿ ಪಾಪ" ಎಂದು ನಕ್ಕರು. ಆಮೇಲೆ ಹತ್ತು ತೋಟಾಗಳ ಒಂದು ಡಬ್ಬಿಯನ್ನು ಅವನ ಅಂಗೈ ಮೇಲಿಟ್ಟು ಹೇಳಬೇಕಾದ್ದನ್ನು ಹೇಳಿದರು. ನೀರಿನ ಮೇಲೆ ಸೀಸದ ಚರೆ, ಅಂದರೆ ಸೀಸದ ಸಣ್ಣ ಗುಂಡು, ಹೊಡೆಯಲು ಕಾಯಿದೆ ಬಿಡುವುದಿಲ್ಲ. ಈಗ ಎಲ್ಲರೂ ಹೊಡೆಯುವ ಸ್ಟೀಲ್ ಚರೆ ಕಲ್ಲಿನ ಹಾಗೆ ಗಟ್ಟಿ, ಹಳೆಯ ನಳಿಕೆಯ ಬಿಗಿದ ಬಾಯಿಯಲ್ಲಿ ಅದುಮಿಕೊಳ್ಳದೆ ಲೋಹವನ್ನೇ ಹಿಗ್ಗಿಸಿಬಿಡುತ್ತದೆ. ಈ ಡಬ್ಬಿಯಲ್ಲಿರುವುದು ಬಿಸ್ಮತ್ ಎಂಬ ಲೋಹದ ಚರೆ, ಸೀಸದ ಹಾಗೆ ಮೆತ್ತಗೆ, ಕಾಯಿದೆಗೂ ಸರಿ, ಕೋವಿಗೂ ಸರಿ. "ಇವನ್ನ ಬಿಟ್ಟು ಬ್ಯಾರೆ ಹಾಕಬ್ಯಾಡ. ಮುಗದ್ರ ಮುಗೀತು. ಮನಿಗೆ ಬಾ."

ಹತ್ತೂ ತೋಟಾ ಬೆಳಗಿನ ಮೊದಲ ಗಂಟೆಯಲ್ಲೇ ಮುಗಿದವು. ಗಿಡ್ಡ ಕೋವಿಗೆ ಒಗ್ಗಿದ್ದ ರಮೇಶನ ಕೈ ಅವಸರ ಮಾಡಿತು. ಒಂದು ಬಾತೂ ಬೀಳಲಿಲ್ಲ. ವಾರದಿಂದ ಆಫೀಸಿನಲ್ಲಿ ಆ ಕೋವಿಯ ವರ್ಣನೆ ಮಾಡಿದ್ದವನು ಅವನೇ. ಡೆನ್ನಿಸ್ ಮತ್ತು ಅವನ ಇಬ್ಬರು ಗೆಳೆಯರು ಈಗ ಅದನ್ನು ವಸ್ತುಸಂಗ್ರಹಾಲಯಕ್ಕೆ ಕೊಟ್ಟುಬಿಡು ಎಂದರು, ಮದುವೆಯಲ್ಲಿ ಅಕ್ಕಿ ಎರಚಿದ ಹಾಗೆ ಚರೆ ಎರಚುತ್ತದೆ ಎಂದರು. ರಮೇಶ ನಕ್ಕ. ಅವನ ಕಿವಿ ಬಿಸಿಯಾಗಿತ್ತು. ಡೆನ್ನಿಸ್ ತನ್ನ ಜೇಬಿನಿಂದ ಸ್ಟೀಲ್ ತೋಟಾ ತೆಗೆದು ಚಾಚಿದಾಗ ಅದು ಏನೆಂದು ರಮೇಶನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಮರೆವಲ್ಲ, ಗಡಿಬಿಡಿಯಲ್ಲ. ಐದು ಹೊಡೆದ. ಎರಡು ಬಾತು ಬಿದ್ದವು. ಗೆಳೆಯರು ಬೆನ್ನು ತಟ್ಟಿದರು.

ಮನೆಗೆ ಬಂದು ಕೋವಿ ಒರೆಸುವಾಗ ಬಲ ನಳಿಕೆಯ ತುದಿಯಿಂದ ಎರಡಿಂಚು ಹಿಂದೆ ಅವನ ಬೆರಳಿಗೆ ಏನೋ ತಾಗಿತು. ನಳಿಕೆಯ ಸುತ್ತ ಒಂದು ತೆಳು ಏರು, ಮಗುವಿನ ಕೈಬಳೆಯ ಹಾಗೆ. ಬೆಳಕಿಗೆ ಹಿಡಿದು ನೋಡಿದ. ಒಳಗೆ ಆ ಎರಡು ಗೆರೆಗಳು ಸಾಗಿ ಬಂದು, ಒಂದು ಕಪ್ಪು ಉಂಗುರದ ಹತ್ತಿರ ಮುರಿದಿದ್ದವು.

ಹೇಳಬೇಕೆಂದೇ ಅವನು ಬೋಲಿಂಗ್‌ಬ್ರೂಕಿಗೆ ಹೊರಟದ್ದು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಆದರೆ ಕಲ್ಲಿನಾಥರು ಬಾಗಿಲು ತೆರೆದು, "ಬಾರೋ ಬ್ಯಾಟಿಗಾರ" ಎಂದು ಎರಡೂ ಕೈ ಚಾಚಿದಾಗ ಆ ಕೈಗಳಿಗೆ ಪೆಟ್ಟಿಗೆ ಕೊಟ್ಟು, "ಅಣ್ಣ, ಹಿಮ ಬೀಳುತ್ತಂತೆ, ಈಗ್ಲೇ ಹೊರಟ್ಬಿಡ್ತೀನಿ" ಎಂದ. ಚಹಾ ಇಟ್ಟಿದ್ದ ನೀಲಾಂಬಿಕಾ ಒಲೆ ಆರಿಸಿ ಹೊರಗೆ ಬರುವಷ್ಟರಲ್ಲಿ ಅವನ ಕಾರು ತಿರುಗಿ ಆಗಿತ್ತು. ಆ ದಿನ ಹಿಮ ಬೀಳಲಿಲ್ಲ.

ಎರಡು ದಿನ ಬಿಟ್ಟು ಕಲ್ಲಿನಾಥರು ಫೋನ್ ಮಾಡಿದರು. ಬಾತು ಸಿಕ್ಕವೇ, ಮಕ್ಕಳು ಹೇಗಿದ್ದಾರೆ, ರಸ್ತೆ ಹೇಗಿತ್ತು ಎಂದು ಕೇಳಿದರು. ಕೊನೆಗೆ, "ಮತ್ತ?" ಎಂದರು.

"ಮತ್ತೇನಿಲ್ಲ ಅಣ್ಣ" ಎಂದ ರಮೇಶ.

ಅದು ಅವರ ಊರಿನವರು ಮಾತು ಮುಗಿಸುವಾಗ ಕೇಳುವ ರೀತಿಯೇ. ಹಿಂದೆ ನೂರು ಸಲ ಕೇಳಿದ್ದರು. ಆದರೆ ಅಂದಿನಿಂದ ಪ್ರತಿ ಫೋನಿನ ಕೊನೆಯಲ್ಲೂ ಆ "ಮತ್ತ?" ಬಂದಾಗ ರಮೇಶನಿಗೆ ಅವರು ಬಾಗಿಲು ತೆರೆದು ಹಿಡಿದುಕೊಂಡು ನಿಂತ ಹಾಗೆ ಕಾಣುತ್ತಿತ್ತು. ಅವನು ಒಳಗೆ ಹೋಗಲಿಲ್ಲ. ಮಗನ ಈಜಿನ ಪಂದ್ಯ, ಆಫೀಸಿನ ರಿಲೀಸ್, ಬೆನ್ನುನೋವು ಎಂದು ಒಂದೊಂದು ಶನಿವಾರಕ್ಕೆ ಒಂದೊಂದು ನೆಪ. ಆರು ತಿಂಗಳಾದ ಮೇಲೆ ನೆಪ ಕೊಡುವ ಅಗತ್ಯವೂ ಬರಲಿಲ್ಲ. ಕಲ್ಲಿನಾಥರು ಬಾ ಎನ್ನುವುದನ್ನು ನಿಲ್ಲಿಸಿದ್ದರು. ಫೋನ್ ಮಾಡುವುದನ್ನು ಮಾತ್ರ ನಿಲ್ಲಿಸಲಿಲ್ಲ. ಕೋವಿ ಹೇಗಿದೆ ಎಂದು ರಮೇಶ ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೀಗೆ ಎರಡು ವರ್ಷ ಕಳೆಯಿತು.

ಫೆಬ್ರವರಿಯ ಒಂದು ಬೆಳಿಗ್ಗೆ ಕಾರ್ಖಾನೆಯ ಅಳತೆ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದಾಗಲೇ ಅವರ ಮೆದುಳಿನಲ್ಲಿ ರಕ್ತಸ್ರಾವವಾಯಿತು. ಸಂಜೆಯೊಳಗೆ ಹೋದರು. ಅರವತ್ತೊಂದು ವರ್ಷ. ರಮೇಶ ಅಂತ್ಯಕ್ರಿಯೆಗೆ ಹೋಗಿ ಹಿಂದಿನ ಸಾಲಿನಲ್ಲಿ ನಿಂತ. ನೀಲಕ್ಕನ ಎದುರು ಹೋಗಿ ಕೈ ಮುಗಿದನೇ ಹೊರತು ಬಾಯಿಂದ ಮಾತು ಬರಲಿಲ್ಲ. ದುಃಖಕ್ಕೆ ಮಾತು ಕಟ್ಟಿದೆ ಎಂದು ಜನ ತಿಳಿದರು. ಜನ ಹಾಗೆ ತಿಳಿದದ್ದು ಅವನಿಗೆ ಅನುಕೂಲವೇ ಆಯಿತು. ಅದೂ ಒಂದು ನಾಚಿಕೆಯಾಗಿ ಉಳಿಯಿತು.

ಏಪ್ರಿಲ್‌ನಲ್ಲಿ ಕಲ್ಲಿನಾಥರ ಮಗಳು ಸ್ವರೂಪ ಫೋನ್ ಮಾಡಿದಳು. ಇಲ್ಲೇ ಹುಟ್ಟಿದ ಹುಡುಗಿ, ಮಾತೆಲ್ಲ ಇಂಗ್ಲಿಷಿನಲ್ಲಿ. ಶನಿವಾರ ಕ್ಲಬ್ಬಿನವರು ಅಪ್ಪನ ನೆನಪಿಗೆ ಸೇರುತ್ತಾರೆ, ಅಂಕಲ್ ನೀವು ಬರಲೇಬೇಕು, ಅಪ್ಪ ಅತಿ ಹೆಚ್ಚು ಮಾತಾಡುತ್ತಿದ್ದುದು ನಿಮ್ಮ ಬಗ್ಗೆಯೇ ಎಂದಳು.

ಜೋಲಿಯೆಟ್ ದಾಟಿ ಹೊಲಗಳ ನಡುವೆ ಇರುವ ಆ ಕ್ಲಬ್ಬಿಗೆ ರಮೇಶ ಎರಡೂವರೆ ವರ್ಷದ ಮೇಲೆ ಕಾಲಿಟ್ಟ. ಒಳಗೆ ಹನ್ನೆರಡು ಹದಿಮೂರು ಜನ. ನೀಲಾಂಬಿಕಾ ಅವರ ಹೆಸರಿನಲ್ಲಿ ಬಂದೂಕು ಇಟ್ಟುಕೊಳ್ಳುವ ಪರವಾನಗಿ ಕಾರ್ಡು ಇಲ್ಲದ್ದರಿಂದ ಕೋವಿ ವಾಲ್ಟ್‌ನ ಸುಪರ್ದಿನಲ್ಲಿತ್ತು. ಅವನು ಅದನ್ನು ತಂದು ಗೋಡೆಯ ಗೂಟಗಳ ಮೇಲೆ ತೆರೆದು ಇಟ್ಟಿದ್ದ. ಅದರ ಕೆಳಗೆ ಕಲ್ಲಿನಾಥರ ಹೆಸರಿನ ಪಟ್ಟಿ. ಪಟ್ಟಿಯ ಕೆಳಗೆ ಮೊಳೆಗೆ ತೂಗುಹಾಕಿದ್ದ, ಲಾಳದಾಕಾರದ ಒಂದು ಕೆಂಪು ಅಯಸ್ಕಾಂತ.

ರಮೇಶ ಅದೇನೆಂದು ಕೇಳಲಿಲ್ಲ. ಸ್ವರೂಪ ಕೇಳಿದಳು. ವಾಲ್ಟ್‌ಗೆ ಅಷ್ಟೇ ಬೇಕಿತ್ತು.

ಎರಡು ವರ್ಷದ ಹಿಂದೆ ಕಲ್ಲಿನಾಥ್ ನಳಿಕೆಗಳನ್ನು ಬಟ್ಟೆಯಲ್ಲಿ ಸುತ್ತಿ ತನ್ನ ಅಂಗಡಿಗೆ ತಂದದ್ದನ್ನು ಅವನು ವರ್ಣಿಸಿದ. ಉಂಗುರ ಎದ್ದಿದೆ, ಸರಿಹೋಗುತ್ತದೆಯೇ ಎಂದು ಕೇಳಿದರಂತೆ. ಇದು ಸ್ಟೀಲಿನ ಕೆಲಸ, ಯಾವ ಮೂರ್ಖ ಇದರಲ್ಲಿ ಸ್ಟೀಲ್ ಹೊಡೆದ ಎಂದು ವಾಲ್ಟ್ ಕೇಳಿದನಂತೆ. ನಾನೇ ಆ ಮೂರ್ಖ ಎಂದರಂತೆ ಕಲ್ಲಿನಾಥ್. ಇಡೀ ಕ್ಲಬ್ಬಿಗೆ ತೋಟಾಗಳ ಪಾಠ ಹೇಳುತ್ತಿದ್ದ ಮನುಷ್ಯ! ಆ ವರ್ಷದ ಔತಣದಲ್ಲಿ ಅವರಿಗೆ ಈ ಅಯಸ್ಕಾಂತವನ್ನು ಬಹುಮಾನವಾಗಿ ಕೊಟ್ಟರು. ಸೀಸವೂ ಬಿಸ್ಮತ್ತೂ ಇದಕ್ಕೆ ಅಂಟುವುದಿಲ್ಲ, ಸ್ಟೀಲ್ ಅಂಟುತ್ತದೆ, ಇನ್ನು ಮುಂದೆ ತೋಟಾ ತುಂಬುವ ಮೊದಲು ತಾಗಿಸಿ ನೋಡು ಎಂದು. ಅವರು ಎದ್ದು ನಿಂತು, ತಲೆಬಾಗಿ ಅದನ್ನು ತೆಗೆದುಕೊಂಡರು. ಆಮೇಲೆ ಯಾವ ಹೊಸಬ ಸೇರಿದರೂ ಮೊದಲು ಈ ಕಥೆ, ಆಮೇಲೆ ಉಳಿದದ್ದು.

ಎಲ್ಲರೂ ನಕ್ಕರು. ಪ್ರೀತಿಯ ನಗುವೇ. ಸ್ವರೂಪಳೂ ಕಣ್ಣೊರೆಸಿಕೊಳ್ಳುತ್ತ ನಕ್ಕಳು. ನೀಲಾಂಬಿಕಾ ನಗಲಿಲ್ಲ. ಮಡಿಲಲ್ಲಿದ್ದ ಗಿರ್ಮಿಟ್ಟಿನ ಡಬ್ಬಿಯ ಮುಚ್ಚಳವನ್ನು ಸುಮ್ಮನೆ ಒತ್ತುತ್ತಿದ್ದರು. ರಮೇಶನ ಮುಖವೂ ಎಲ್ಲರ ಜೊತೆ ನಗುವ ಮುಖವಾಗಿಯೇ ಇತ್ತು. ಅದು ಯಾವಾಗ ಹಾಗಾಯಿತು ಎಂದು ಅವನಿಗೇ ತಿಳಿಯಲಿಲ್ಲ.

ಆಮೇಲೆ ಎಲ್ಲರೂ ಮೈದಾನಕ್ಕೆ ಹೋದರು. ಸತ್ತ ಸದಸ್ಯನಿಗಾಗಿ ಒಂದು ಹಕ್ಕಿಯನ್ನು ಯಾರೂ ಹೊಡೆಯದೆ ಬಿಡುವುದು ಅಲ್ಲಿಯ ಪದ್ಧತಿ. ಯಂತ್ರ ಚಿಮ್ಮಿಸಿತು. ಕೇಸರಿ ತಟ್ಟೆ ಬಿಸಿಲಿನಲ್ಲಿ ತಿರುಗುತ್ತ ಹೋಗಿ, ನಿಧಾನವಾಗಿ ಇಳಿದು, ಒಡೆಯದೆ ಹುಲ್ಲಿನಲ್ಲಿ ಕೂತಿತು.

ಕಾರಿನವರೆಗೆ ನೀಲಾಂಬಿಕಾ ಅವರ ಜೊತೆ ರಮೇಶ ನಡೆದ. ಸ್ವರೂಪ ಡಬ್ಬಿಗಳನ್ನು ಹಿಂದಿನ ಸೀಟಿನಲ್ಲಿಡುತ್ತಿದ್ದಳು. ನೀಲಾಂಬಿಕಾ ಬಾಗಿಲು ಹಿಡಿದು ನಿಂತರು.

"ಒಂದು ಮಾತು ಕೇಳ್ಲೇನ್ರಿ? ಉಪ್ಪು ಹಾಕಿದ್ರೂ ಅಳತಿ ನೋಡಿ ಹಾಕಾವ್ರು ಇವ್ರು. ಇಂಥಾ ತಪ್ಪು ಹೆಂಗ ಮಾಡಿದ್ರು? ಅವಾಗನ ತಲಿಯಾಗ ಏನರ ಹೆಚ್ಚುಕಮ್ಮಿ ಸುರು ಆಗಿತ್ತೇನೋ. ನನಗ ತಿಳೀಲಿಲ್ಲ. ಅವತ್ತ ಡಾಕ್ಟರಿಗೆ ತೋರಿಸಿದ್ರ..."

ಅಷ್ಟು ಹೊತ್ತು ರಮೇಶ ಯೋಚಿಸಿದ್ದು ಒಂದೇ: ಅಣ್ಣ ತಾವೇ ಹೊತ್ತುಕೊಂಡದ್ದನ್ನು ಈಗ ಕೆದಕಿ ಯಾರಿಗೇನು ಲಾಭ. ಸುಮ್ಮನಿರುವುದೇ ಅವರ ಇಚ್ಛೆಗೆ ಮರ್ಯಾದೆ ಎಂದು ಕೂಡ ಒಂದು ಮಾತು ಕಟ್ಟಿಕೊಂಡಿದ್ದ. ನೀಲಕ್ಕನ ಮುಖ ನೋಡಿದ ಮೇಲೆ ಆ ಮಾತು ನಿಲ್ಲಲಿಲ್ಲ.

"ನೀಲಕ್ಕ, ಅದು ಅಣ್ಣ ಮಾಡಿದ್ದಲ್ಲ. ಸ್ಟೀಲ್ ತೋಟಾ ಹಾಕಿದ್ದು ನಾನು. ಅವರು ಬೇಡ ಅಂದಿದ್ರು. ಗೊತ್ತಿದ್ದೇ ಹಾಕ್ದೆ."

ಉಳಿದದ್ದನ್ನೂ ಹೇಳಿದ. ಹತ್ತು ತೋಟಾ, ಗೆಳೆಯರ ನಗು, ಉಂಗುರ, ಬೀಳದ ಹಿಮ. ನೀಲಾಂಬಿಕಾ ಪೂರ್ತಿ ಕೇಳಿದರು.

"ನೀವು ಅಂತ ಅವ್ರಿಗೆ ಗೊತ್ತಿತ್ತೇನು?"

"ಗೊತ್ತಿತ್ತು. ಕಿಟಕಿಗೆ ಹಿಡಿದು ನೋಡಿರ್ತಾರಲ್ಲ."

ಅವರು ಕಾರಿನ ಬಾಗಿಲಿನ ಅಂಚನ್ನು ಬೆರಳಿನಿಂದ ಒರೆಸಿದರು. ಕೋವಿಯ ವಿಷಯ ಅವರಿಗೆ ಅಲ್ಲಿಗೆ ಮುಗಿದ ಹಾಗಿತ್ತು.

"ಹಂಗಂದ್ರ, ಅದಕ್ಕ ಬರೂದು ಬಿಟ್ರಿ?"

ರಮೇಶ ಹೌದೆಂದು ತಲೆಯಾಡಿಸಿದ.

"ನಾವೇನೋ ತಪ್ಪು ಮಾಡೀವಿ ಅಂತ ತಿಳಕೊಂಡಿದ್ದೆ ನಾ. ಎಷ್ಟೋ ಸಲ ಅವ್ರನ್ನ ಕೇಳೀನಿ. ಏನಿಲ್ಲ, ಬರ್ತಾನ ತಗೋ, ಎರಡು ರೊಟ್ಟಿ ಹೆಚ್ಚಿಗಿ ಬಡಿ ಅಂತಿದ್ರು." ಅವರ ದನಿ ಗಟ್ಟಿಯಾಯಿತು. "ಒಳಗ ಹೋಗ್ರಿ. ಆ ಮುದಕಗ ಹೇಳ್ರಿ. ಇವ್ರ ಹೆಸರಿನ ಕೆಳಗ ಅದು ನೇತಾಡೂದು ಬ್ಯಾಡ."

ಸ್ವರೂಪ ಡಬ್ಬಿ ಹಿಡಿದುಕೊಂಡೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ರಮೇಶನನ್ನು ನೋಡದೆ ತಾಯಿಯ ತೋಳು ಹಿಡಿದಳು. ಬೈದಿದ್ದರೆ ಸುಲಭವಿತ್ತು ಎಂದು ಅವನಿಗೆ ಅನ್ನಿಸಿತು.

ರಮೇಶ ವಾಪಸ್ ಹೋದ. ಕಾಫಿ ಕುಡಿಯುತ್ತಿದ್ದವರ ನಡುವೆ ನಿಂತು ಹೇಳಿದ. ಅದೇ ಕಥೆ, ಮೂರ್ಖನ ಹೆಸರು ಮಾತ್ರ ಬೇರೆ. ಈ ಸಲ ಯಾರೂ ನಗಲಿಲ್ಲ. ಒಬ್ಬ ಎದ್ದು ಹೊರಗೆ ಹೋದ. ವಾಲ್ಟ್ ಗೋಡೆಯ ಕಡೆ ತಿರುಗಿದ. ನನ್ನ ಬೆಂಚಿನ ಮುಂದೆ ನಿಂತು ಹೇಳುವಾಗ ಕಲ್ಲಿನಾಥ್ ನನ್ನ ಮುಖ ನೋಡಿರಲಿಲ್ಲ, ನಾಚಿಕೆ ಎಂದುಕೊಂಡಿದ್ದೆ, ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ ಅಷ್ಟೇ ಎಂದ. ಎರಡು ವರ್ಷ ಅವನನ್ನು ನೋಡಿ ನಗಾಡಿದೆವು ಎಂದೂ ಅಂದ. ಆಮೇಲೆ ಕುರ್ಚಿ ಎಳೆದುಕೊಂಡು ಹತ್ತಿ ಅಯಸ್ಕಾಂತವನ್ನು ಬಿಡಿಸಿ ರಮೇಶನ ಕೈಗೆ ಕೊಟ್ಟ. ಕುರ್ಚಿ ಅಲುಗುತ್ತಿತ್ತು. ರಮೇಶ ಒಂದು ಕೈಯಿಂದ ಅದನ್ನು ಹಿಡಿದುಕೊಂಡಿದ್ದ.

ಭಾನುವಾರ ಬೆಳಿಗ್ಗೆ ಕ್ಯಾಂಟನ್‌ನ ಮನೆಯಿಂದ ಅವನು ಬೋಲಿಂಗ್‌ಬ್ರೂಕಿಗೆ ಫೋನ್ ಮಾಡಿದ. ಎತ್ತುತ್ತಾರೆಂಬ ನಂಬಿಕೆ ಇರಲಿಲ್ಲ. ನೀಲಾಂಬಿಕಾ ಎತ್ತಿದರು. ಎಷ್ಟು ಗಂಟೆಗೆ ಮುಟ್ಟಿದಿರಿ ಎಂದರು. ಅಯಸ್ಕಾಂತ ತನ್ನ ಬಳಿಯಿದೆ ಎಂದು ಅವನು ಹೇಳಿದ. ಅವರು ಹೂಂ ಎಂದರು. ಕೋವಿಯ ಎಡ ನಳಿಕೆ ಚೆನ್ನಾಗಿಯೇ ಇದೆಯಂತೆ, ಬಲದ್ದನ್ನು ಬಡಿದು ಇಳಿಸಬಹುದು, ಗುರುತು ಮಾತ್ರ ಹೋಗುವುದಿಲ್ಲ ಎಂದು ವಾಲ್ಟ್ ಹೇಳಿದ್ದನ್ನು ತಿಳಿಸಿದ. ಅದಕ್ಕೂ ಹೂಂ ಎಂದರು. ಕ್ಷಮಿಸಿದೆ ಎನ್ನಲಿಲ್ಲ. ಅವನೂ ಕೇಳಲಿಲ್ಲ. ಆ ಕಡೆ ನಲ್ಲಿಯ ನೀರು ಬೀಳುವ ಸದ್ದು ಕೇಳಿಸುತ್ತಿತ್ತು. ಅವರು ಆ ಸಿಂಕಿನ ಮುಂದೆ, ಆ ಕಿಟಕಿಯ ಮುಂದೆ ನಿಂತಿದ್ದಾರೆ ಎಂದು ಅವನಿಗೆ ತಿಳಿಯಿತು.

ಮಾತು ಮುಗಿಯುತ್ತ ಬಂತು. ನಲ್ಲಿ ನಿಂತಿತು.

"ಮತ್ತ?" ಎಂದರು ನೀಲಾಂಬಿಕಾ.

ಬಾಯಿಗೆ ಹಳೆಯ ಉತ್ತರವೇ ಬಂದಿತ್ತು. ರಮೇಶ ಅದನ್ನು ನುಂಗಿಕೊಂಡ.

"ಶನಿವಾರ ಬರ್ತೀನಿ ನೀಲಕ್ಕ."

ಅವರ ಉತ್ತರಕ್ಕೆ ಅವನು ಫೋನ್ ಇಡದೆ ಕಾದ.